ಅನ್ಯಾಯವನ್ನೆದುರಿಸುವವನ ಭಾವಶುದ್ಧಿ

ಅನ್ಯಾಯವನ್ನು ಎದುರಿಸುವುದು ಧರ್ಮವೇ ಸರಿ. ಆದರೆ ಎದುರಿಸುವವನ ಅಂತರಂಗದಲ್ಲಿಯೂ ಲೋಭವು ಮನೆಮಾಡಿಕೊಂಡಿದ್ದರೆ ಆ ಹೋರಾಟವು ಧರ್ಮವೆನಿಸೀತೇ? ನಡೆನುಡಿಗಳು ಒಂದಾಗಿರಬೇಕೆಂಬುದು ಶರಣರ ಒರೆಗಲ್ಲು. ಜಪಾನಿನ ಸಾಮ್ರಾಜ್ಯದಾಹವನ್ನೂ ಅದರೊಡನೆ ಹೋರಾಡಿದವರನ್ನೂ ಈ ಕಲ್ಲಿಗೆ ತಿಕ್ಕಿ ನೋಡೋಣ.

ಜಪಾನು 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿತು. 1937ರಲ್ಲಿ ಚೀನದ ಮೇಲೆ ಪೂರ್ಣಯುದ್ಧವನ್ನು ಹೂಡಿತು. ಆ ವರ್ಷದ ಡಿಸೆಂಬರಿನಲ್ಲಿ ನಾನ್‌ಕಿಂಗ್ ನಗರವು ಅದರ ವಶವಾದಾಗ ನಿರಾಯುಧರಾದ ಸ್ತ್ರೀಪುರುಷರು ಅನುಭವಿಸಿದ ಕ್ರೌರ್ಯವು ಹೇಳತೀರದು. ಚಕ್ರವರ್ತಿಯನ್ನು ದೇವಾಂಶಸಂಭೂತನೆಂದು ನಂಬಿಸಿ, ಅವನಿಗಾಗಿ ಕೊಲ್ಲುವುದನ್ನೂ ಸಾಯುವುದನ್ನೂ ಭಕ್ತಿಯೆಂದು ಸೈನಿಕರಿಗೆ ಕಲಿಸಲಾಗಿತ್ತು. ಲಿಂಗಕ್ಕೆ ಸಲ್ಲಬೇಕಾದ ಶರಣಾಗತಿಯು ಸಿಂಹಾಸನಕ್ಕೆ ಸಂದರೆ ಭಕ್ತಿಯೇ ಹಿಂಸೆಯ ಬೀಜವಾಗುತ್ತದೆ. ಏಷ್ಯದ ಸಹಸಮೃದ್ಧಿಯೆಂಬುದು 1940ರಲ್ಲಿ ಜಪಾನು ಆಡಿದ ನುಡಿ. ನೆರೆನಾಡುಗಳ ಎಣ್ಣೆ, ಅಕ್ಕಿ, ದುಡಿಮೆಗಳನ್ನು ಬಲಾತ್ಕಾರದಿಂದ ಸೆಳೆದುದು ಅದರ ನಡೆ.

ಹಾಗಾದರೆ ಎದುರಾಳಿಗಳೆಲ್ಲರೂ ಶುದ್ಧರೇ? 1941ರ ಆಗಸ್ಟಿನಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರೂ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟರೂ ಹೊರಡಿಸಿದ ಅಟ್ಲಾಂಟಿಕ್ ಘೋಷಣೆಯು, ತಮ್ಮ ಸರಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಉಂಟೆಂದು ಸಾರಿತು. ಮರುತಿಂಗಳೇ ಚರ್ಚಿಲ್ಲರು ಆ ಮಾತು ಭಾರತಕ್ಕೆ ಅನ್ವಯಿಸದೆಂದರು. ಜಪಾನು ಸೋತ ಮೇಲೆ ಡಚ್ಚರು ಇಂಡೊನೇಶ್ಯವನ್ನು ಮತ್ತೆ ಆಳಬಯಸಿ 1949ರವರೆಗೆ ಅಲ್ಲಿಯ ಜನರೊಡನೆ ಹೋರಾಡಿದರು. ಒಬ್ಬರ ಕೈಯಿಂದ ಕಸಿದ ನೊಗವನ್ನು ತಾವೇ ಹೊರಿಸಹೊರಟವರನ್ನು ವಿಮೋಚಕರೆನ್ನಲಾದೀತೇ?

ಆದರೂ ಎದುರಿಸಿದವರ ದೋಷವು ಆಕ್ರಮಣಕಾರನ ಪಾಪವನ್ನು ತೊಳೆಯಲಾರದು. ತನ್ನ ಮನೆಮಕ್ಕಳನ್ನು ಕಾಯಲು ನಿಂತ ಚೀನದ ಒಕ್ಕಲಿಗನಿಗೆ ಬೇರೆ ದಾರಿಯೇ ಇರಲಿಲ್ಲ. ಅವನನ್ನು ಸುಮ್ಮನಿರೆಂದು ಬೋಧಿಸುವುದು ಅಹಿಂಸೆಯಲ್ಲ, ನಿರ್ದಯೆ. ದಯೆಯಿಲ್ಲದೆಡೆಯಲ್ಲಿ ಧರ್ಮವೂ ಇಲ್ಲ.

ಸಿದ್ಧರಾಮೇಶ್ವರರ ಸೊನ್ನಲಿಗೆಯಾದ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ವೈದ್ಯ ದ್ವಾರಕಾನಾಥ ಕೋಟ್ನೀಸರನ್ನು ಇಲ್ಲಿ ನೆನೆಯಬೇಕು. ಭಾರತದ ರಾಷ್ಟ್ರೀಯ ಕಾಂಗ್ರೆಸ್ಸು 1938ರಲ್ಲಿ ಚೀನಕ್ಕೆ ಕಳುಹಿಸಿದ ಐವರು ವೈದ್ಯರಲ್ಲಿ ಅವರೊಬ್ಬರು. ಅಲ್ಲಿಯೇ ಉಳಿದು, ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, 1942ರ ಡಿಸೆಂಬರಿನಲ್ಲಿ ಕಾಯವನ್ನೇ ತೆತ್ತರು. ಅವರಿಗೆ ಅಲ್ಲಿ ಗೆಲ್ಲಬೇಕಾದ ನೆಲವಿರಲಿಲ್ಲ, ಮರಳಿ ಪಡೆಯಬೇಕಾದ ಸಿಂಹಾಸನವಿರಲಿಲ್ಲ. ಅನ್ಯಾಯದೆದುರು ಕಾಯಕವೂ ದಾಸೋಹವೂ ತಳೆಯುವ ರೂಪವಿದು.

ಗೃಹಸ್ಥರಾದ ನಮಗೆ ಸಾಮ್ರಾಜ್ಯಗಳಿಲ್ಲ. ಆದರೆ ಹೊಲದ ಬದುವಿನಲ್ಲಿ, ಅಂಗಡಿಯ ಲೆಕ್ಕದಲ್ಲಿ, ದಾಯಾದಿಗಳ ವ್ಯಾಜ್ಯದಲ್ಲಿ ಅನ್ಯಾಯವನ್ನು ಎದುರಿಸುವ ಸಂದರ್ಭ ಬಂದೇ ಬರುತ್ತದೆ. ಆಗ ಹಿಂಜರಿಯದೆ ಎದುರಿಸತಕ್ಕದ್ದು. ಗೆದ್ದ ಮೇಲೆ ಪರರ ಬದುವನ್ನು ನಾವು ಒತ್ತದಿರತಕ್ಕದ್ದು. ನಮ್ಮ ಹೋರಾಟದ ಭಾವಶುದ್ಧಿಯು ಗೆಲುವಿನ ಮರುದಿನವೇ ಪರೀಕ್ಷೆಗೊಳಗಾಗುತ್ತದೆ.