ಕೆಲಸಕ್ಕೊಬ್ಬ ಬೇಕು ಎಂದಾಗ

ರಮಝಾನ್ ಅರ್ಧ ಕಳೆಯುತ್ತಿದ್ದಂತೆ ದರ್ಜಿಯ ಅಂಗಡಿಯಲ್ಲಿ ಬಟ್ಟೆ ರಾಶಿ ಬೀಳುತ್ತದೆ. ಅಳತೆ, ಕತ್ತರಿ, ಹೊಲಿಗೆ ಎಲ್ಲವೂ ಒಬ್ಬನೇ. ಕಾಜಾ, ಗುಂಡಿಯ ಕೆಲಸ ಮನೆಗೆ ಹೋಗಿ ಪತ್ನಿಯ ಪಾಲಾಗುತ್ತದೆ. ತರಾವೀಹ್ ತಪ್ಪುತ್ತದೆ. ಹಬ್ಬದ ಹಿಂದಿನ ರಾತ್ರಿ ಗಿರಾಕಿಗಳ ಮಾತು ಕೇಳಿ ಬೇಸತ್ತು, ಇನ್ನು ಕೆಲಸಕ್ಕೊಬ್ಬನನ್ನು ಇಡಲೇಬೇಕೆಂದು ಅವನು ನಿರ್ಧರಿಸುತ್ತಾನೆ. ಶವ್ವಾಲ್‌ನಲ್ಲಿ ಯಂತ್ರದ ಸದ್ದು ತಗ್ಗಿದಾಗ ನಿರ್ಧಾರವೂ ತಣ್ಣಗಾಗುತ್ತದೆ.

ಸಣ್ಣ ವ್ಯಾಪಾರಿಯು ಮೊದಲ ಕೆಲಸಗಾರನನ್ನು ಯಾವಾಗ ನೇಮಿಸಬೇಕು? ಇದು ಬರೀ ಲಾಭ ನಷ್ಟದ ಪ್ರಶ್ನೆಯೆಂದು ನಾವು ಭಾವಿಸಿದ್ದೇವೆ. ಆದರೆ ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಕೆಲಸಗಾರನಿಲ್ಲದೆ ಬವಣೆಪಡುತ್ತಿದ್ದ ಒಂದು ಮನೆಯ ಚಿತ್ರವಿದೆ. ಮದ್ಯನಿನ ಬಾವಿಯ ಬಳಿ ಇಬ್ಬರು ಹೆಣ್ಣು ಮಕ್ಕಳು ತಮ್ಮ ಆಡುಕುರಿಗಳನ್ನು ತಡೆದು ನಿಂತಿದ್ದರು. ತಂದೆ ವೃದ್ಧರು. ಇತರ ಕುರುಬರು ಹೊರಟುಹೋಗುವವರೆಗೆ ಅವರಿಗೆ ನೀರಿನ ಸರದಿಯಿಲ್ಲ. ಮೂಸಾ(ಅ) ಕೇಳಿಸಿಕೊಳ್ಳದೆಯೇ ನೀರುಣಿಸಿ ನೆರಳಿಗೆ ಹೋದರು.

ಮುಂದಿನದನ್ನು ಗಮನಿಸಿ. ಆ ಹಿರಿಯರು (ಅವರ ಹೆಸರನ್ನು ಕುರ್‌ಆನ್ ಹೇಳಿಲ್ಲ) ಮೊದಲು ಕರೆ ಕಳುಹಿಸಿದ್ದು ಆಗಲೇ ಮಾಡಿದ ಕೆಲಸಕ್ಕೆ ಪ್ರತಿಫಲ ಕೊಡಲಿಕ್ಕಾಗಿ. ನೇಮಕದ ಮಾತು ಬಂದದ್ದು ಆಮೇಲೆ. ಬಲಿಷ್ಠನೂ ವಿಶ್ವಾಸಾರ್ಹನೂ ಆದವನನ್ನು ಕೂಲಿಗಿಡುವುದೇ ಉತ್ತಮವೆಂದು ಸೂಚಿಸಿದವಳು ಮಗಳು, ಅಂದರೆ ಅಷ್ಟು ದಿನ ಆ ಭಾರ ಹೊತ್ತವಳು. ತಂದೆ ಎಂಟು ವರ್ಷಗಳ ಅವಧಿಯನ್ನು ಸ್ಪಷ್ಟವಾಗಿ ಹೇಳಿದರು, ಹತ್ತು ಪೂರ್ತಿಗೊಳಿಸುವುದು ಮೂಸಾರ(ಅ) ಇಷ್ಟಕ್ಕೆ ಬಿಟ್ಟದ್ದೆಂದರು, ಅವರನ್ನು ಕಷ್ಟಕ್ಕೆ ಗುರಿಪಡಿಸುವ ಇರಾದೆ ತಮಗಿಲ್ಲವೆಂದೂ ತಿಳಿಸಿದರು.

ನಮ್ಮ ಅಂಗಡಿಗಳಲ್ಲಿ ಇದು ತಲೆಕೆಳಗಾಗಿದೆ. ಮೊದಲ ಕೆಲಸಗಾರ ಎಷ್ಟೋ ವರ್ಷಗಳ ಹಿಂದೆಯೇ ಬಂದಿರುತ್ತಾನೆ, ಸಂಬಳವಿಲ್ಲದೆ. ಅವನು ತಮ್ಮನಿರಬಹುದು, ಅಕ್ಕನ ಮಗನಿರಬಹುದು, ನಿದ್ದೆಗಣ್ಣಿನಲ್ಲಿ ಗುಂಡಿ ಹಾಕುವ ಪತ್ನಿಯಿರಬಹುದು. ಇವರ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದ ಕಾರಣದಿಂದಲೇ ನಮಗೆ ಇನ್ನೊಬ್ಬನ ಸಂಬಳ ದುಬಾರಿಯಾಗಿ ಕಾಣುತ್ತದೆ. ಇನ್ನು ಕೆಲವರು ಶಾಲೆ ಬಿಟ್ಟ ಬಡ ಹುಡುಗನನ್ನು ಊಟ, ಬಟ್ಟೆಗೆ ಇಟ್ಟುಕೊಂಡು ಉಪಕಾರ ಮಾಡಿದೆವೆನ್ನುತ್ತಾರೆ. 14 ವರ್ಷದೊಳಗಿನ ಮಗುವನ್ನು ಅಂಗಡಿಯ ಕೆಲಸಕ್ಕಿಡುವುದು 2016ರ ತಿದ್ದುಪಡಿಯ ನಂತರ ಕಾನೂನಿನಂತೆ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಉಪಕಾರವಾಗುತ್ತಿರಲಿಲ್ಲ.

ಹಾಗಾದರೆ ಅಲ್ಲಾಹನ ಮೇಲೆ ಭರವಸೆಯಿಟ್ಟು ಕೂಡಲೇ ನೇಮಿಸಿಬಿಡಬೇಕೇ? ಬರುವವನ ರಿಝ್ಕ್ ಅವನೊಂದಿಗೇ ಬರುತ್ತದೆಂದು ಹೇಳುವವರಿದ್ದಾರೆ. ನಿಜವೇ, ಆದರೆ ಒಂಟೆಯನ್ನು ಕಟ್ಟಿ ತವಕ್ಕುಲ್ ಮಾಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಇಲ್ಲಿರುವುದು ಇನ್ನೊಂದು ಮನೆಯ ಒಲೆ. ಮಳೆಗಾಲದ ಮಂದ ತಿಂಗಳಲ್ಲಿ ಅಂಗಡಿಯಲ್ಲಿ 22,000 ರೂಪಾಯಿ ಉಳಿದು, ಒಪ್ಪಿದ ಸಂಬಳ 15,000 ಎಂದಾದರೆ ಮಾಲಕನ ಮನೆಗೆ 7,000 ಮಾತ್ರ. ಅಷ್ಟರಲ್ಲಿ ಬದುಕಲು, ಇಲ್ಲವೇ ಕೂಡಿಟ್ಟದ್ದನ್ನು ತೆಗೆಯಲು ಅವನು ಸಿದ್ಧನಿದ್ದಾನೆಯೇ? ಲೆಕ್ಕ ಹಾಕಬೇಕಾದದ್ದು ರಮಝಾನಿನ ಗಳಿಕೆಯಿಂದಲ್ಲ, ಆ ತಿಂಗಳಿನಿಂದ.

ಏಕೆಂದರೆ ಕೂಲಿಯವನು ಪಾಲುದಾರನಲ್ಲ. ಪಾಲುದಾರಿಕೆಯಲ್ಲಿ ಲಾಭದ ಅಂಶ ನಿಗದಿಯಾಗುತ್ತದೆ, ಲಾಭವಿಲ್ಲದಿದ್ದರೆ ಪಾಲೂ ಇಲ್ಲ. ಕೂಲಿಯ ಕರಾರಿನಲ್ಲಾದರೋ ಮೊತ್ತ ಮೊದಲೇ ತಿಳಿದಿರಬೇಕು, ನಷ್ಟವೇನಿದ್ದರೂ ಮಾಲಕನದು. ವ್ಯಾಪಾರವಿದ್ದಾಗ ಅವನು ಕೆಲಸದವನು, ಇಲ್ಲದಾಗ 'ನಮ್ಮ ಸಹೋದರ, ಹೊಂದಿಕೊಳ್ಳುತ್ತಾನೆ' ಎಂಬ ಮಾತನ್ನು ನಾನು ಧರ್ಮನಿಷ್ಠರ ಬಾಯಲ್ಲೇ ಕೇಳಿದ್ದೇನೆ. ಪೂರ್ಣ ದುಡಿಸಿ ಕೂಲಿ ಕೊಡದವನ ವಿರುದ್ಧ ಪುನರುತ್ಥಾನ ದಿನ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಬುಖಾರಿಯ ಹದೀಸಿನಲ್ಲಿದೆ. ಆ ನ್ಯಾಯಾಲಯದಲ್ಲಿ ಜುಲೈ ತಿಂಗಳ ಮಂದ ವ್ಯಾಪಾರದ ನೆಪ ಹೇಳಲಾದೀತೇ?

ಇದನ್ನೋದಿ ಭಯಪಟ್ಟು ಯಾರನ್ನೂ ನೇಮಿಸದೆ ಕೂರುವುದೂ ಸರಿಯಲ್ಲ. ಜುಮುಅದ ಕರೆ ಕೇಳಿಯೂ ಕತ್ತರಿ ಕೆಳಗಿಡಲಾಗದ, ಮಕ್ಕಳು ಎಚ್ಚರವಿರುವಾಗ ಮನೆ ಸೇರದ ದುಡಿಮೆಯಲ್ಲಿ ಅವಶ್ಯಕತೆ ಎಷ್ಟು, ದುರಾಸೆ ಎಷ್ಟೆಂದು ಅವನೇ ತನ್ನನ್ನು ಕೇಳಿಕೊಳ್ಳಲಿ.

ನಮ್ಮ ದರ್ಜಿಗೆ ವರ್ಷವಿಡೀ ಸಂಬಳ ಕೊಡುವ ಶಕ್ತಿ ಇನ್ನೂ ಇಲ್ಲವೆಂದಾದರೆ, ರಜಬ್‌ನಲ್ಲೇ ನೆರೆಮನೆಯ ವಿಧವೆಯೊಬ್ಬರೊಂದಿಗೆ ಕಾಜಾಕ್ಕೆ ಇಷ್ಟು, ಗುಂಡಿಗೆ ಇಷ್ಟೆಂದು ದರ ಮಾತಾಡಿ ಬರೆದಿಡಲಿ. ಬಟ್ಟೆ ತಲಪಿಸಿದ ದಿನವೇ ಹಣ ಕೊಡಲಿ. ಅದಕ್ಕೂ ಮೊದಲು, ಕಳೆದ ಹಬ್ಬಕ್ಕೆ ಪತ್ನಿ ಹಾಕಿದ ಗುಂಡಿಗಳೆಷ್ಟೆಂದು ಒಮ್ಮೆ ಎಣಿಸಲಿ.