ಬಚ್ಚಲ ನೀರು ತುಳಸಿಗೆ ಸಲ್ಲುತ್ತದೆಯೇ?

ಪ್ರಶ್ನೆ: ಸ್ನಾನದ ನೀರು, ಬಟ್ಟೆ ಒಗೆದ ನೀರನ್ನು ಮರಳು-ಇದ್ದಿಲಿನ ತೊಟ್ಟಿಯಲ್ಲಿ ಸೋಸಿ ಗಿಡಗಳಿಗೆ ಬಿಡುತ್ತಿದ್ದೇವೆ. ನೀರು ತಿಳಿಯಾಗಿದೆ, ವಾಸನೆ ಇಲ್ಲ. ಇದನ್ನು ತುಳಸಿಗೆ, ಪೂಜೆಯ ಹೂಗಿಡಗಳಿಗೆ ಹಾಕಬಹುದೇ? ಅತ್ತೆಯವರು ಮೈಲಿಗೆ ಎನ್ನುತ್ತಾರೆ.
– ಓದುಗರು, ಕೊಳ್ಳೇಗಾಲ

ಉತ್ತರ: ನೀರು ಉಳಿಸುವ ನಿಮ್ಮ ಮನಸ್ಸು ಒಳ್ಳೆಯದೇ, ಹೊಸದೂ ಅಲ್ಲ. ಹನೂರು, ಯಳಂದೂರು ಕಡೆಯ ಹಳೇ ಮನೆಗಳ ಹಿತ್ತಲಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೇ ಹೋಗುತ್ತಿತ್ತು. ಅದೇ ಬಾಳೆಹಣ್ಣು ನೈವೇದ್ಯಕ್ಕೂ ಬರುತ್ತಿತ್ತು. ಕಪಿಲೆಯನ್ನು ಕೂಡಿಕೊಂಡ ಕಾವೇರಿಯೂ ಎಷ್ಟೋ ಊರು ದಾಟಿಯೇ ನಿಮ್ಮ ಕಡೆಗೆ ಬರುವುದು. ಆದ್ದರಿಂದ ಒಮ್ಮೆ ಬಳಸಿದ್ದು ಎಂಬ ಒಂದೇ ಕಾರಣಕ್ಕೆ ನೀರನ್ನು ಮೈಲಿಗೆ ಎನ್ನಲಾಗದು.

ಹಾಗಂತ ಅತ್ತೆಯವರ ಅಳುಕನ್ನು ತಳ್ಳಿಹಾಕಬೇಡಿ. ತಿಳಿಯಾದದ್ದೆಲ್ಲ ಶುದ್ಧವಲ್ಲ. ಮೈ ತೊಳೆದ ನೀರಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಮಗುವಿನ ಬಟ್ಟೆ ಒಗೆದ ನೀರಿನಲ್ಲಿ, ಮಲದ ರೋಗಾಣುಗಳು ಸೇರಿರುತ್ತವೆ. ಮರಳು, ಇದ್ದಿಲು ಕೊಳೆ ತಡೆಯುತ್ತವೆ, ವಾಸನೆ ಕಳೆಯುತ್ತವೆ. ರೋಗಾಣು ಪೂರ್ತಿ ಹೋಗುವುದಿಲ್ಲ. ತೊಟ್ಟಿಯಲ್ಲಿ ದಿನಗಟ್ಟಲೆ ನಿಂತರೆ ಮತ್ತೆ ಹೆಚ್ಚುತ್ತವೆ. ಬ್ಲೀಚಿಂಗ್ ಪುಡಿ ಹಾಕಿದರೂ ಜಂತುಹುಳುವಿನ ಮೊಟ್ಟೆ ಸಾಯುವುದು ಕಷ್ಟ.

ಹಾಗಾಗಿ ನೀರು ಯಾವುದಕ್ಕೆ ಸಲ್ಲುತ್ತದೆ ಎಂದು ಕೇಳಿಕೊಳ್ಳಿ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅದು ಅಂತರ್ಜಲ ತುಂಬಲು, ನೇರವಾಗಿ ಕುಡಿಯಲು ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯೂ ಬೆಳೆ ಯಾವುದು, ನೀರು ಹೇಗೆ ಬಿಡುತ್ತೀರಿ ಎಂಬುದನ್ನು ನೋಡಿಯೇ ಎಚ್ಚರಿಕೆ ಹೇಳುತ್ತದೆ.

ಬಾಳೆ, ತೆಂಗಿಗೆ ಧಾರಾಳವಾಗಿ ಬಿಡಿ. ದಾಸವಾಳ, ಕಣಗಿಲೆಗೂ ಆಗಬಹುದು. ಆದರೆ ಬುಡಕ್ಕಷ್ಟೇ ಬಿಡಿ, ಮೇಲಿಂದ ಚಿಮುಕಿಸಬೇಡಿ. ನೆಲಕ್ಕೆ ಬಿದ್ದ ಹೂ ಎತ್ತಬೇಡಿ. ಆ ದಿನದ ನೀರು ಆ ದಿನವೇ ಖಾಲಿಯಾಗಲಿ. ಗಿಡಕ್ಕೆ ನೀರು ಬಿಟ್ಟವರು ಸೋಪು ಹಾಕಿ ಕೈ ತೊಳೆಯಲಿ. ಕೊತ್ತಂಬರಿಯಂಥ ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಅಭಿಷೇಕಕ್ಕೆ, ಪೂಜೆ ಪಾತ್ರೆ ತೊಳೆಯಲಿಕ್ಕೆ ಖಂಡಿತ ಬೇಡ.

ತುಳಸಿಗೂ ಬೇಡ. ಅದರ ದಳ ತೀರ್ಥಕ್ಕೆ ಬೀಳುತ್ತದೆ, ಹಸಿಯಾಗಿಯೇ ಬಾಯಿಗೆ ಹೋಗುತ್ತದೆ. ದಿನಕ್ಕೊಂದು ಚೊಂಬು ಒಳ್ಳೇ ನೀರು ಅದಕ್ಕೆ ಸಾಕು. ತೀರ್ಥಕ್ಕೆ ಕೈಯೊಡ್ಡುವ ವಯಸ್ಸಾದವರು, ಮಕ್ಕಳು ಇದು ಎಲ್ಲಿಯ ನೀರು ಎಂದು ಕೇಳುವುದಿಲ್ಲ. ನಿಮ್ಮನ್ನು ನಂಬಿ ಕುಡಿಯುತ್ತಾರೆ. ಅವರು ಕೇಳದೇ ಇರುವುದರಿಂದಲೇ ಹೊಣೆ ಪೂರ್ತಿ ಕೊಡುವವರದು. ಮಡಿಯ ತಿರುಳು ಈ ಎಚ್ಚರವೇ ಎಂದು ನಮಗೆ ತೋರುತ್ತದೆ. ಅತ್ತೆಯವರಿಗೂ ಹೀಗೆಯೇ ಬಿಡಿಸಿ ಹೇಳಿ. ಬಾಳೆಗೆ ನೀರು ಬಿಡಲು ಅವರೂ ಒಪ್ಪಿಯಾರು.