ಹೆಸರು ಕೆಟ್ಟ ಅಂಗಡಿ

ಸೆರೆ ಅಂಗಡಿಯ ಒಳಗೆ ನಾನು ಮೊದಲು ಕಾಲಿಟ್ಟಾಗ ನನಗೆ ಎಂಟು ವರ್ಷ. ನಿಪ್ಪಾಣಿಯಲ್ಲಿ ಅಪ್ಪ ತಂಬಾಕಿನ ವಖಾರಿಯಲ್ಲಿ ಹಮಾಲಿ ಮಾಡುತ್ತಿದ್ದರು. ಬಟವಡೆಯ ದಿನ ಕತ್ತಲಾದರೂ ಅವರು ಮನೆಗೆ ಬರದಿದ್ದರೆ ಅವ್ವ ಬೀಡಿ ಸುತ್ತುವ ಮೊರವನ್ನು ಬದಿಗಿಟ್ಟು, "ಹೋಗವ್ವಾ, ನಿಮ್ಮಪ್ಪನ್ನ ಕರಕೊಂಡು ಬಾ" ಎನ್ನುತ್ತಿದ್ದಳು. ಅಣ್ಣನನ್ನು ಕಳಿಸುತ್ತಿರಲಿಲ್ಲ. ಅಣ್ಣ ಹೋದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು, ನಾನು ಹೋದರೆ ನಾಚಿಕೆಯಾಗುತ್ತಿತ್ತು. ಅವ್ವನಿಗೆ ಆ ವ್ಯತ್ಯಾಸ ಗೊತ್ತಿತ್ತು.

ಆ ಅಂಗಡಿಯವನು ನನಗೆ ಕೆಟ್ಟವನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. "ಬಂದ್ಯಾ ತಂಗಿ?" ಎಂದು ಕೇಳಿ, ಗಾಜಿನ ಭರಣಿಯಿಂದ ಒಂದು ಪೆಪ್ಪರಮಿಂಟು ತೆಗೆದು ಕೊಡುತ್ತಿದ್ದ. ಆ ಪೆಪ್ಪರಮಿಂಟಿನ ಮೇಲೆ ನನಗೆ ಎಷ್ಟು ದ್ವೇಷವಿತ್ತೆಂದರೆ ಈಗಲೂ ಅದರ ವಾಸನೆಗೆ ಹೊಟ್ಟೆ ತೊಳಸುತ್ತದೆ. ಆದರೆ ಒಂದು ದಿನವೂ ಅದನ್ನು ಬೇಡ ಎನ್ನಲಿಲ್ಲ, ಬಿಸಾಡಲೂ ಇಲ್ಲ. ತಿಂದೆ.

ಅಪ್ಪ ತೀರಿಕೊಂಡ ಮೇಲೆ ಅಂಥ ಅಂಗಡಿಯ ಮುಂದೆ ಹಾದುಹೋಗುವಾಗ ಮುಖ ತಿರುವಿಕೊಂಡು ನಡೆಯುವುದು ನನಗೆ ಅಭ್ಯಾಸವಾಯಿತು. ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾನನಿಷೇಧದ ಮೇಲೆ ಪ್ರಬಂಧ ಬರೆಸಿದ್ದೇನೆ, ಭಾಷಣ ಸ್ಪರ್ಧೆಗೆ ತಯಾರು ಮಾಡಿದ್ದೇನೆ, ಬಹುಮಾನವನ್ನೂ ತಂದುಕೊಟ್ಟಿದ್ದೇನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದಾದಾಗ ಅವ್ವ ದೇವರಿಗೆ ಕಾಯಿ ಒಡೆಸಿದಳು. ಕುಡಿಯುವವರು ಸಾರಾಯಿ ಬಿಟ್ಟು ಅದಕ್ಕಿಂತ ತುಟ್ಟಿಯ ಬಾಟಲಿಗೆ ಹೋದರು ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಆದರೂ ಒಡೆಸಿದ ಕಾಯಿಗೆ ಅವಳು ಪಶ್ಚಾತ್ತಾಪಪಡಲಿಲ್ಲ.

ಇಂಥ ನಾನು ಮತ್ತೆ ಒಂದು ಸೆರೆ ಅಂಗಡಿಯಲ್ಲಿ ಕುಳಿತು ಊಟ ಮಾಡಿದ್ದು 2022ರ ಡಿಸೆಂಬರಿನಲ್ಲಿ, ಕಡಲ ದಂಡೆಯಲ್ಲಿ.

ನಮ್ಮ ಜೊತೆ ಚಿಕ್ಕೋಡಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ ಬಾಯಿಯವರೊಬ್ಬರ ತವರು ಕಾರವಾರದ ಕಡೆಯ ಮಾಜಾಳಿ. ಅವರ ಮನೆಯ ಮದುವೆಗೆಂದು ನಾವು ನಾಲ್ವರು ಶಿಕ್ಷಕಿಯರು ಬೆಳಗಾವಿ, ರಾಮನಗರ, ಜೋಯಿಡಾ, ಕದ್ರಾ ಹಾದು ಕಾರವಾರಕ್ಕೆ ಇಳಿದೆವು. ಬಯಲುಸೀಮೆಯ ಹೆಂಗಸರಿಗೆ ಸಮುದ್ರ ಸಿಕ್ಕರೆ ಏನಾಗುತ್ತದೆಂದು ನಾನು ಬೇರೆ ಹೇಳಬೇಕಿಲ್ಲ. ಮದುವೆಯ ಮಾರನೆಯ ದಿನ ಎಲ್ಲರೂ ಸೀರೆ ಎತ್ತಿ ಸಿಕ್ಕಿಸಿಕೊಂಡು ತಿಳಮಾತಿ ನೋಡಲು ಹೊರಟೆವು. ಅಲ್ಲಿಯ ಮರಳು ಕಪ್ಪು ಎಳ್ಳಿನ ಹಾಗಿದೆ, ಹೆಸರು ಬಂದದ್ದೂ ಅದರಿಂದಲೇ. ಅಂಗೈಯಲ್ಲಿ ಹಿಡಿದರೆ ಸಂಕ್ರಾಂತಿಗೆ ತಂದಿಟ್ಟ ಎಳ್ಳೇ ಎನ್ನಿಸಬೇಕು. ಅಲ್ಲಿಂದ ಮುಂದೆ ಗುಡ್ಡ ದಾಟಿದರೆ ಪೋಳೆಂ. ಅದು ಗೋವಾ, ಆ ರಾಜ್ಯದ ದಕ್ಷಿಣದ ಕೊನೆ. ಗಡಿ ಎಲ್ಲಿ ದಾಟಿದೆವೋ ನನಗಂತೂ ತಿಳಿಯಲಿಲ್ಲ. ಕೊಗನೊಳ್ಳಿ ದಾಟಿದರೆ ಮಹಾರಾಷ್ಟ್ರ ಎಂಬ ಊರಿನಲ್ಲಿ ಹುಟ್ಟಿದವಳಿಗೆ ಗಡಿ ಹೊಸದಲ್ಲ.

ಗುಡ್ಡ ಇಳಿದ ಮೇಲೆ ನಮ್ಮಲ್ಲಿ ಒಬ್ಬರಿಗೆ ಕಣ್ಣು ಕತ್ತಲೆ ಬಂತು. ಸಕ್ಕರೆ ಕಾಯಿಲೆಯವರು, ಮುಂಜಾನೆ ಗುಳಿಗೆ ತೆಗೆದುಕೊಂಡು, ಮಾತಿನ ಭರದಲ್ಲಿ ನಾಷ್ಟಾ ಅರ್ಧಕ್ಕೆ ಬಿಟ್ಟು ಬಂದಿದ್ದರು. ಮೈ ಬೆವರಿ ಕೈ ನಡುಗತೊಡಗಿತು. ನಮ್ಮ ಕಣ್ಣಿಗೆ ಕಂಡ ನೆರಳೆಂದರೆ ತೆಂಗಿನ ಮರಗಳ ಕೆಳಗಿನ ಒಂದೇ ಒಂದು ಗುಡಿಸಲು. ಹೆಣೆದ ಮಡಲಿನ ಮಾಡು, ಮೂರು ಮೇಜು, ಪ್ಲಾಸ್ಟಿಕ್ ಕುರ್ಚಿಗಳು, ಹಿಂದೆ ಸಾಲಾಗಿ ಬಾಟಲಿಗಳು.

ಮಾಜಾಳಿಯ ಗೆಳತಿ ಅಲ್ಲೇ ನಿಂತರು. "ಬಾಯಾರ, ಅಲ್ಲಿ ಬ್ಯಾಡ್ರಿ. ಆ ಅಂಗಡಿ ಹೆಸರು ಛಲೋ ಇಲ್ಲ."

ಆ ಹೆಸರಿನ ಕಥೆಯನ್ನು ಹಿಂದಿನ ರಾತ್ರಿಯೇ ಅವರ ಮನೆಯಲ್ಲಿ ಕೇಳಿದ್ದೆ. ಅದೂ ಎರಡು ಬಗೆಯಲ್ಲಿ. ಗೋವಾದಲ್ಲಿ ಮದ್ಯ ಅಗ್ಗ, ಹಾಗಾಗಿ ನಮ್ಮ ಕಡೆಯ ಗಂಡಸರು ಗುಡ್ಡ ಹತ್ತಿ ಇಳಿದು ಅಲ್ಲಿಗೆ ಹೋಗುತ್ತಾರೆ. ಎಷ್ಟು ಮನೆಗಳ ಮೀನಿನ ದುಡ್ಡು ಆ ಹೆಂಗಸಿನ ಡಬ್ಬಿ ಸೇರಿದೆಯೋ ದೇವರೇ ಬಲ್ಲ ಎಂದು ಗೆಳತಿಯ ಅತ್ತಿಗೆ ಹೇಳಿದ್ದರು. ಅದೇ ಮನೆಯ ಅಜ್ಜಿ, "ಬರೀ ಹೇಳಬ್ಯಾಡ. ಒಂದು ಮಳೆಗಾಲ ದೋಣಿ ಹೋದಾಗ ಆ ಮನೆಗಳಿಗೆ ಅಕ್ಕಿ ಕೊಟ್ಟವಳು ಯಾರು?" ಎಂದು ಮೂಲೆಯಿಂದ ಗದರಿದ್ದರು. ಅತ್ತಿಗೆ ಸುಮ್ಮನಿರಲಿಲ್ಲ, "ಅವರ ದುಡ್ಡಿನ ಅಕ್ಕಿಯೇ ಅವರಿಗೆ" ಎಂದರು. ಆ ಮಾತು ನನಗೆ ಹಿಡಿಸಿತ್ತು. ನಾನು ಅತ್ತಿಗೆಯ ಪಕ್ಷದವಳು.

ಆದರೆ ಬವಳಿ ಬಂದವರನ್ನು ಬಿಸಿಲಿನಲ್ಲಿ ನಿಲ್ಲಿಸಿ ಪಕ್ಷ ನೋಡಲಾಗುತ್ತದೆಯೇ? ಒಳಗೆ ಹೋದೆವು.

ಅರವತ್ತು ದಾಟಿದ ಹೆಂಗಸು. ನಮ್ಮನ್ನು ನೋಡಿ ಬೆರಗಾಗಲಿಲ್ಲ, ಏನೂ ಕೇಳಲಿಲ್ಲ. ಗೆಳತಿಯ ಕೈ ಮುಟ್ಟಿ ನೋಡಿದಳು, ಒಳಗೆ ಹೋಗಿ ಕೋಕಂ ಶರಬತ್ತಿಗೆ ಸಕ್ಕರೆ ಹೆಚ್ಚಾಗಿ ಕಲಸಿ ತಂದಳು. ಕುಡಿಸಿ, ಸೆರಗಿನಿಂದ ಗಾಳಿ ಹಾಕುತ್ತ ನಿಂತಳು. ಅವಳ ಕೊಂಕಣಿಯೂ ನಮ್ಮ ನಿಪ್ಪಾಣಿಯ ಮರಾಠಿಯೂ ಅರ್ಧ ಅರ್ಧ ಸೇರಿ ಮಾತು ನಡೆಯಿತು. ಹತ್ತು ನಿಮಿಷದಲ್ಲಿ ಗೆಳತಿಯ ಮುಖಕ್ಕೆ ಕಳೆ ಬಂತು. ಏಳಲು ಮನಸ್ಸಾಗದೆ ಅಲ್ಲಿಯೇ ಊಟ ಹೇಳಿದೆವು. ಅನ್ನ, ಮೀನು ತಿನ್ನದ ನನಗೆ ತೊವ್ವೆ, ಉಪ್ಪಿನಕಾಯಿ. ಮೇಜು ನಮ್ಮ ಶಾಲೆಯ ಬಿಸಿಯೂಟದ ಅಡಿಗೆ ಕಟ್ಟೆಗಿಂತ ಸ್ವಚ್ಛವಾಗಿತ್ತು.

ಪಕ್ಕದ ಮೇಜಿನಲ್ಲಿ ಒಬ್ಬ ಮೀನುಗಾರ ಕುಳಿತು ಫೆನಿ ಕುಡಿಯುತ್ತಿದ್ದ. ಗೋಡಂಬಿಯ ಹಣ್ಣನ್ನು ತುಳಿದು, ರಸ ಹುಳಿ ಬರಿಸಿ, ಭಟ್ಟಿ ಇಳಿಸಿ ಮಾಡುವ ಮದ್ಯ ಅದು. ಮೊದಲ ಸಲ ಇಳಿಸಿದ್ದು ಉರಾಕ್, ಮತ್ತೊಮ್ಮೆ ಇಳಿಸಿದ್ದು ಫೆನಿ. 2009ರಲ್ಲಿ ಅದಕ್ಕೆ ಗೋವಾದ್ದೇ ಎಂಬ ಭೌಗೋಳಿಕ ಗುರುತೂ ಸಿಕ್ಕಿದೆ, ನಮ್ಮ ಮೈಸೂರು ರೇಷ್ಮೆಗೆ ಸಿಕ್ಕ ಹಾಗೆ. ಗುಡ್ಡದ ಆ ಕಡೆ ಮನೆಯ ಹೆಮ್ಮೆ, ಈ ಕಡೆ ಮನೆಹಾಳು. ಎರಡು ಗ್ಲಾಸು ಮುಗಿಸಿದವನು ಮೂರನೆಯದಕ್ಕೆ ಕೈ ಎತ್ತಿದ. ಅವಳು ಬಂದು ಅವನ ಗ್ಲಾಸನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಅವನು ಗೊಣಗಿದ, ಗಟ್ಟಿಯಾಗಿ ಏನೋ ಅಂದ. ಅವಳು ತಿರುಗಿಯೂ ನೋಡಲಿಲ್ಲ.

ನನ್ನ ಮನಸ್ಸು ಅತ್ತಿಗೆಯ ಪಕ್ಷ ಬಿಟ್ಟು ಅಜ್ಜಿಯ ಕಡೆ ಸರಿಯತೊಡಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಒಂಬತ್ತು ಹತ್ತು ವರ್ಷ, ಶಾಲೆಯ ಸಮವಸ್ತ್ರ. ಒಳಗೆ ಬರಲಿಲ್ಲ, ಮಾತಾಡಲಿಲ್ಲ, ಅಪ್ಪನನ್ನು ನೋಡುತ್ತ ನಿಂತಳು. ಹಾಗೆ ನಿಲ್ಲುವುದು ಹೇಗೆಂದು ನನಗೆ ಗೊತ್ತು. ಅಪ್ಪನಿಗೆ ಕಾಣುವಷ್ಟು ಹತ್ತಿರ, ಉಳಿದವರಿಗೆ ಕಾಣದಷ್ಟು ದೂರ. ಆ ಹೆಂಗಸು ಹುಡುಗಿಯನ್ನು ಕರೆದು ಅವಳ ಅಂಗೈಯಲ್ಲಿ ಒಂದು ತುಂಡು ಬೆಲ್ಲ ಇಟ್ಟಳು. ಹುಡುಗಿ ಮುಖ ಎತ್ತದೆ ಅದನ್ನು ಬಾಯಿಗೆ ಹಾಕಿಕೊಂಡಳು. ಅಪ್ಪ ಎದ್ದ. ಇಬ್ಬರೂ ದಂಡೆಯ ಮೇಲೆ ನಡೆದು ಹೋದರು.

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಕೈ ತೊಳೆಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: ಮೂರನೆಯದು ತಪ್ಪೆಂದು ಗೊತ್ತಿದ್ದವಳಿಗೆ ಮೊದಲನೆಯದು ಯಾಕೆ ತಪ್ಪಲ್ಲ? ಅವಳಿಗೆ ಸಿಟ್ಟು ಬರಲಿಲ್ಲ. ಅತ್ತೆ ನಡೆಸುತ್ತಿದ್ದ ಅಂಗಡಿ, ಅತ್ತೆಯ ನಂತರ ತನಗೆ ಬಂತು ಎಂದಳು. ಮುಂದೆ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆಯುವುದಾದರೆ ಹೀಗೆ: "ನಾ ಬಾಗಲಾ ಹಾಕಿದರ ಅಂವ ಮ್ಯಾಲ ಹೆದ್ದಾರಿಗೆ ಹೋಗತಾನ. ಅಲ್ಲಿ ಗ್ಲಾಸು ಬೋರಲು ಹಾಕಾವರು ಯಾರದಾರ?" ಆಮೇಲೆ, ನಿಮ್ಮೂರಲ್ಲಿ ಏನು ಬೆಳೆಯುತ್ತೀರಿ ಎಂದು ಕೇಳಿದಳು. ಸಹಜವಾಗಿಯೇ ಕೇಳಿದ್ದು. ತಂಬಾಕು ಎಂದೆ. "ಹೌದಾ" ಎಂದು ಪಾತ್ರೆಗಳ ಕಡೆ ಹೋದಳು.

ನಾನು ಬಿಟ್ಟರೆ ಇನ್ನೊಬ್ಬ ಮಾಡುತ್ತಾನೆ ಎಂಬ ಮಾತನ್ನು ನಾನು ಶಾಲೆಯಲ್ಲಿ ಒಪ್ಪುವುದಿಲ್ಲ. ನಕಲು ಮಾಡಿದ ಹುಡುಗ ಹಾಗೆಂದರೆ ಹೊರಗೆ ನಿಲ್ಲಿಸುತ್ತೇನೆ. ಆದರೆ ಅವ್ವನ ಬಾಯಲ್ಲಿ ಆ ಮಾತನ್ನು ಎಷ್ಟು ಸಲ ಕೇಳಿಲ್ಲ! ತಂಬಾಕಿನ ಘಾಟಿಗೆ ರಾತ್ರಿಯೆಲ್ಲ ಕೆಮ್ಮುತ್ತಿದ್ದ ಅವಳಿಗೆ ಬೀಡಿ ಬಿಡು ಎಂದರೆ, "ನಾ ಬಿಟ್ಟರ ಮಗ್ಗಲಮನಿಯಾಕಿ ಸುತ್ತತಾಳ, ನಿನ್ನ ಸಾಲಿ ಫೀ ಯಾರು ತುಂಬತಾರ?" ಎನ್ನುತ್ತಿದ್ದಳು. ಇಪ್ಪತ್ತೈದು ಬೀಡಿಗೊಂದು ಕಟ್ಟು. ಆ ಕಟ್ಟುಗಳಿಂದ ನಾನು ಬಿ.ಎ. ಮಾಡಿದೆ, ಬಿ.ಎಡ್. ಮಾಡಿದೆ. ಆ ಬೀಡಿ ಸೇದಿದವರು ಎಲ್ಲಿದ್ದರು, ಅವರ ಎದೆ ಏನಾಯಿತು, ಅವರ ಮಕ್ಕಳು ಯಾವ ಬಾಗಿಲಲ್ಲಿ ನಿಂತರು ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

1981ರಲ್ಲಿ ನಾನು ಐದನೆಯ ಇಯತ್ತೆ. ತಂಬಾಕಿಗೆ ಯೋಗ್ಯ ಬೆಲೆ ಬೇಕೆಂದು ಶರದ್ ಜೋಶಿಯವರ ಮುಂದಾಳತನದಲ್ಲಿ ನಮ್ಮ ಸುತ್ತಿನ ರೈತರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ ತಿಂಗಳಲ್ಲಿ ಗೋಲಿಬಾರಾಗಿ ರೈತರು ಸತ್ತರು. ಅವರನ್ನು ನಾವು ಹುತಾತ್ಮರು ಎನ್ನುತ್ತೇವೆ, ಎನ್ನಲೇಬೇಕು. ದಲಾಲರ ಕೈಯಲ್ಲಿ ಅರೆಹೊಟ್ಟೆಯಾದ ಜನ ಅವರು. ಆದರೆ ತಂಬಾಕು ಬೆಳೆದವನಿಗೆ ಗೌರವ, ಸುತ್ತಿದವಳಿಗೆ ಕನಿಕರ, ಕುಡಿಯಲು ಕೊಟ್ಟವಳಿಗೆ ಮಾತ್ರ ಕೆಟ್ಟ ಹೆಸರು ಎಂದು ಹಂಚಿದವರು ಯಾರು? ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಬ್ಬಿನ ನಾಡು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮದ್ಯಸಾರ ಆಗುತ್ತದೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. (ಈಗೀಗ ಅದನ್ನು ಪೆಟ್ರೋಲಿಗೂ ಬೆರೆಸುತ್ತಾರೆ.) ಕಬ್ಬಿನ ಬಿಲ್ಲು ಬಂದ ವರ್ಷ ಮಗಳ ಮದುವೆ ಮಾಡಿದ ಯಾವ ಮನೆಯವರೂ ತಾವು ಸೆರೆಯ ದುಡ್ಡಿನಲ್ಲಿ ಮಾಡಿದೆವು ಎಂದುಕೊಳ್ಳುವುದಿಲ್ಲ.

ಬೇರೆಯವರ ಮಾತು ಯಾಕೆ, ನನ್ನ ಪಗಾರವೇ ಇದೆ. ಬಿ.ಎಡ್.ನಲ್ಲಿ ಗಾಂಧೀಜಿಯವರ ವಾರ್ಧಾ ಶಿಕ್ಷಣ ಯೋಜನೆ ನಮಗೆ ಪಾಠವಾಗಿತ್ತು. 1937, ಜಾಕಿರ್ ಹುಸೇನ್ ಸಮಿತಿ, ಕೈಕಸುಬಿನ ಮೂಲಕ ಕಲಿಕೆ ಎಂದು ಬಾಯಿಪಾಠ ಮಾಡಿ ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಶಾಲೆ ತನ್ನ ಖರ್ಚನ್ನು ತಾನೇ ದುಡಿಯಬೇಕೆಂದು ಅವರು ಹಟ ಹಿಡಿದದ್ದಕ್ಕೆ ಒಂದು ಮುಖ್ಯ ಕಾರಣ, ಆಗಿನ ಪ್ರಾಂತಗಳಲ್ಲಿ ಮಕ್ಕಳ ಶಾಲೆ ನಡೆಯುತ್ತಿದ್ದದ್ದು ಹೆಂಡದ ವರಮಾನದಿಂದ ಎಂಬ ಸಂಕಟ. ಇದು ನನಗೆ ಆಮೇಲೆ ಎಷ್ಟೋ ವರ್ಷಕ್ಕೆ ಓದಿ ತಿಳಿಯಿತು. ಈಗ ನಮ್ಮ ರಾಜ್ಯಕ್ಕೆ ಅಬಕಾರಿಯಿಂದ ಬರುವ ವಾರ್ಷಿಕ ಆದಾಯ 30 ಸಾವಿರ ಕೋಟಿ ರೂಪಾಯಿ ದಾಟಿದೆ. ನಮ್ಮ ಮಕ್ಕಳು ಬರೆಯುವ 'ಲೇಖಕ್' ನೋಟ್‌ಬುಕ್ಕು ಮಾರುವ ಸರಕಾರಿ ಸಂಸ್ಥೆ ಎಂಎಸ್‌ಐಎಲ್ ಮದ್ಯದ ಮಳಿಗೆಗಳನ್ನೂ ನಡೆಸುತ್ತದೆ. ಖಜಾನೆಯಲ್ಲಿ ಎಲ್ಲ ದುಡ್ಡೂ ಒಂದೇ ಡಬ್ಬಿಗೆ ಬೀಳುತ್ತದೆ. ಅದರಿಂದ ಪ್ರತಿ ತಿಂಗಳು ನನ್ನ ಖಾತೆಗೆ ಬೀಳುವುದು ಯಾವ ಅಪ್ಪನ ಬಟವಡೆಯ ದುಡ್ಡೋ!

ಹೀಗೆಂದ ಮಾತ್ರಕ್ಕೆ ಆ ಹೆಂಗಸು ನಿರ್ದೋಷಿ ಎಂದು ನಾನು ಹೇಳಿದ ಹಾಗಾಗಲಿಲ್ಲ. ನಾವೆಲ್ಲ ಪಾಲುದಾರರಾದರೆ ಪಾಪ ಹಗುರಾಗುತ್ತದೆಂಬ ಲೆಕ್ಕ ನನಗೆ ಸಮಾಧಾನ ಕೊಡುವುದಿಲ್ಲ. ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯ ಎಂಬೊಬ್ಬನಿದ್ದ. ಹೆಸರೇ ಅವನ ಕಾಯಕ ಹೇಳುತ್ತದೆ, ಅವನ ವಚನಗಳೂ ಉಳಿದಿವೆ. ಯಾವ ಕಾಯಕವೂ ಕೀಳಲ್ಲ ಎನ್ನುವುದಕ್ಕೆ ತರಗತಿಯಲ್ಲಿ ನಾನು ಅವನ ಹೆಸರನ್ನು ಉತ್ಸಾಹದಿಂದ ಹೇಳುತ್ತಿದ್ದೆ. ಪೋಳೆಂನಿಂದ ಬಂದ ಮೇಲೆ ಹಾಗೆ ಹೇಳುವಾಗ ನಾಲಿಗೆ ತಡವರಿಸುತ್ತದೆ. ಮಾರಯ್ಯ ಭಕ್ತನಾದ, ಸರಿ. ಅವನಲ್ಲಿ ಕುಡಿದು ಹೋದವರ ಮನೆಗಳಲ್ಲಿ ಅಂದು ರಾತ್ರಿ ಏನಾಯಿತು? ಆ ಹೆಣ್ಣುಮಕ್ಕಳದು ಒಂದು ವಚನವೂ ಸಿಕ್ಕಿಲ್ಲ.

ಆ ಹೆಂಗಸಿನ ಬೆಲ್ಲ ನನ್ನ ಅಂಗಡಿಯವನ ಪೆಪ್ಪರಮಿಂಟೇ. ಅದು ಸುಳ್ಳು ಪ್ರೀತಿಯಲ್ಲ, ಅವನದೂ ಸುಳ್ಳಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಸುಳ್ಳಾಗಿದ್ದರೆ ನಾನು ಸುಲಭವಾಗಿ ಮರೆಯುತ್ತಿದ್ದೆ. ನಿಜವಾದ ಮಮತೆಯೇ, ಆದರೆ ಮಗುವಿನ ಹೊಟ್ಟೆಯ ಲೆಕ್ಕದಲ್ಲಿ ಅದು ಯಾವುದಕ್ಕೂ ಸಾಟಿಯಲ್ಲ. ಆ ದಿನ ನಮ್ಮ ಗೆಳತಿಯ ಜೀವ ಹಿಡಿದದ್ದು ಆ ಕೈ. ಆ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದೂ ಆ ಕೈಯೇ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ನಾನಿನ್ನೂ ಕಲಿಯುತ್ತಿದ್ದೇನೆ. ಗೆಳತಿಯ ಮನೆಯ ಅಜ್ಜಿ, ಅತ್ತಿಗೆ ಇಬ್ಬರೂ ನಿಜ ಹೇಳಿದ್ದರು.

ಹೊರಡುವಾಗ ಊಟದ ದುಡ್ಡು ತೆಗೆದುಕೊಂಡಳು, ಶರಬತ್ತಿನದು ತೆಗೆದುಕೊಳ್ಳಲಿಲ್ಲ. ಒತ್ತಾಯ ಮಾಡಿದ್ದಕ್ಕೆ, ಅದು ಔಷಧಿ, ಔಷಧಿಗೆ ತಾನು ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದಳು. ನಮ್ಮ ಚೀಲದಲ್ಲಿ ಮನೆಯಿಂದ ತಂದ ಶೇಂಗಾ ಹೋಳಿಗೆ ಇದ್ದವು, ನಾಲ್ಕು ಕೊಟ್ಟೆ. ಒಂದನ್ನು ಅಲ್ಲೇ ಮುರಿದು ತಿಂದು ಚೆನ್ನಾಗಿದೆ ಎಂದಳು. ಉಳಿದ ಮೂರನ್ನು ಕಾಗದದಲ್ಲಿ ಸುತ್ತಿ, ಬಾಟಲಿಗಳ ಪಕ್ಕದ ಬೆಲ್ಲದ ಡಬ್ಬಿಯ ಮೇಲೆ ಇಟ್ಟಳು.

ನಿಪ್ಪಾಣಿಗೆ ಮರಳಿದ ದಿನ ನಮ್ಮ ಮನೆಯವರು, ಸಮುದ್ರದ ದಂಡೆಯಲ್ಲಿ ಊಟಕ್ಕೆ ಏನು ಮಾಡಿದಿರಿ ಎಂದು ಕೇಳಿದರು. "ಒಂದು ಖಾನಾವಳಿ ಇತ್ರಿ, ಅಲ್ಲೇ ಮಾಡಿದ್ವಿ" ಎಂದೆ. ಉಳಿದ ಮೂವರೂ ತಂತಮ್ಮ ಮನೆಯಲ್ಲಿ ಹಾಗೆಯೇ ಹೇಳಿದ್ದರೆಂದು ಆಮೇಲೆ ಸ್ಟಾಫ್ ರೂಮಿನಲ್ಲಿ ತಿಳಿಯಿತು. ಯಾರೂ ಮಾತಾಡಿಕೊಂಡು ಹೇಳಿದ್ದಲ್ಲ. ಈ ಪುಸ್ತಕ ಅಚ್ಚಾಗಿ ಬಂದರೆ ನಮ್ಮ ಮನೆಯವರು ಓದುತ್ತಾರೋ ಇಲ್ಲವೋ. ಓದಿದರೆ ಓದಲಿ.